ಒಂದು ಸೆನ್ಸರ್, 14 ದಿನ: ಸಿಜಿಎಂನಿಂದ ಪೂರ್ತಿ ಕೆಲಸ ತೆಗೆಯುವ ಬಗೆ

ತೋಳಿಗೆ ಅಂಟಿಸಿಕೊಂಡರೆ ಹಗಲು ರಾತ್ರಿ ಸಕ್ಕರೆ ಅಳೆಯುತ್ತಲೇ ಇರುವ ಸೆನ್ಸರನ್ನು (ಇದೇ ಸಿಜಿಎಂ) ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದ ದೊಡ್ಡ ಔಷಧ ಅಂಗಡಿಗಳಲ್ಲಿ ಹೇಳಿದರೆ ತರಿಸಿಕೊಡುತ್ತಾರೆ. ಒಂದಕ್ಕೆ ಸುಮಾರು ನಾಲ್ಕೈದು ಸಾವಿರ ರೂಪಾಯಿ, ಬಾಳಿಕೆ 14–15 ದಿನ. ವರ್ಷಪೂರ್ತಿ ಹಾಕಿಕೊಂಡರೆ ಲಕ್ಷ ದಾಟುತ್ತದೆ. ಹಾಗಾಗಿ ವರ್ಷಕ್ಕೆ ಒಂದೋ ಎರಡೋ ಸೆನ್ಸರ್ ಕೊಳ್ಳಬಲ್ಲ ಮನೆಯವರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಇದನ್ನು ಬರೆದಿದೆ. ಬಹಳ ಮಂದಿ ಮಾಡುವುದೇನೆಂದರೆ, ಸೆನ್ಸರ್ ಹಾಕಿಸಿಕೊಂಡು ದಿನಕ್ಕೆ ಐವತ್ತು ಸಲ ಫೋನ್ ನೋಡಿ ಗಾಬರಿಯಾಗುತ್ತಾರೆ, ಎರಡು ವಾರ ಅನ್ನ ಬಿಡುತ್ತಾರೆ, ಆಮೇಲೆ ಕಿತ್ತೆಸೆದು ಮತ್ತೆ ಮೊದಲಿನಂತೆಯೇ ಇರುತ್ತಾರೆ. ದುಡ್ಡು ಹೋಯಿತು, ಗುಳಿಗೆ ಅದೇ, ಊಟ ಅದೇ. ಯೋಜನೆ ಹಾಕಿಕೊಂಡು, ಪಕ್ಕದಲ್ಲೊಂದು ವಹಿ ಇಟ್ಟು ಬಳಸಿದರೆ ಇದೇ 14 ದಿನ ಮುಂದಿನ ಆರು ತಿಂಗಳ ಚಿಕಿತ್ಸೆಯನ್ನು ತಿದ್ದಬಲ್ಲದು.

ಕೆಳಗೆ ಬರುವ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ, ನಿಮ್ಮ ಲ್ಯಾಬ್ ಚೀಟಿಯಲ್ಲಿ ಇರುವಂತೆಯೇ.

ಯಾರಿಗೆ ಬೇಕು, ಯಾರಿಗೆ ಬೇಡ

ಟೈಪ್ 1 ಇರುವವರು, ದಿನಕ್ಕೆ ಎರಡು ಅಥವಾ ಹೆಚ್ಚು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವರು, ಬಸುರಿನಲ್ಲಿ ಸಕ್ಕರೆ ಏರಿದವರು, ಶುಗರ್ ಇಳಿದರೂ ಬೆವರು ನಡುಕ ಗೊತ್ತಾಗದವರು, ಮೂತ್ರಪಿಂಡದ ತೊಂದರೆ ಇದ್ದು ಗ್ಲಿಮೆಪಿರೈಡ್‌ನಂಥ ಶುಗರ್ ತೀರಾ ಇಳಿಸಬಲ್ಲ ಗುಳಿಗೆ ನುಂಗುವ ಹಿರಿಯರು: ಇವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಲ್ಯಾಬ್ ಪರೀಕ್ಷೆ) ಒಂದು ಹೇಳುತ್ತ, ಬೆರಳಿನ ರಕ್ತ ಇನ್ನೊಂದು ಹೇಳುತ್ತ ಇದ್ದರೂ ಸೆನ್ಸರ್ ಜಗಳ ಬಿಡಿಸುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಅಪರೂಪವಲ್ಲ.

ಬರೇ ಮೆಟ್‌ಫಾರ್ಮಿನ್ ಮೇಲೆ ಇದ್ದು ಎಚ್‌ಬಿಎ1ಸಿ 6.5ರ ಆಸುಪಾಸು ಇರುವವರು ಆ ದುಡ್ಡಿಗೆ ಒಳ್ಳೆಯ ಗ್ಲೂಕೋಮೀಟರ್, ಸ್ಟ್ರಿಪ್, ಕಾಲಿಗೊಂದು ಸರಿಯಾದ ಚಪ್ಪಲಿ ಕೊಳ್ಳಲಿ. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಸೆನ್ಸರ್ ಕೊಡುವುದು ಚಿಂತೆಯೊಂದನ್ನೇ.

ಕೊಳ್ಳುವ ಮೊದಲು

ಎರಡು ಬಗೆ ಇವೆ. ಒಂದರಲ್ಲಿ ರೋಗಿಯೇ ತನ್ನ ಫೋನಿನಲ್ಲಿ ಅಂಕಿ ನೋಡಬಹುದು. ಇನ್ನೊಂದು ವೈದ್ಯರು ಹಾಕಿ ಕಳಿಸುವಂಥದ್ದು. ಅದರ ಅಂಕಿ ರೋಗಿಗೆ ಕಾಣುವುದಿಲ್ಲ, ಎರಡು ವಾರದ ನಂತರ ಆಸ್ಪತ್ರೆಯಲ್ಲಿಯೇ ಓದಿಸಬೇಕು. ಈ ಎರಡನೆಯದು ಅಗ್ಗ, ಆದರೆ ರಾತ್ರಿ ಶುಗರ್ ಇಳಿದರೆ ಯಾರಿಗೂ ಸುದ್ದಿ ಮುಟ್ಟುವುದಿಲ್ಲ. ಇನ್ಸುಲಿನ್ ಮೇಲಿರುವವರು ಎಚ್ಚರಿಕೆಯ ಗಂಟೆ ಬಾರಿಸುವ ಮೊದಲನೆಯ ಬಗೆಯನ್ನೇ ಕೇಳಿ.

ಸೆನ್ಸರಿಗೆ ಫೋನ್ ಹಿಡಿದು ಓದಿಸುವ ಬಗೆಯಾದರೆ ಫೋನಿನಲ್ಲಿ ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಓದುವ ಸೌಲಭ್ಯ) ಇರಲೇಬೇಕು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ. ಸೆನ್ಸರನ್ನು ಯಾರ ಫೋನಿನಿಂದ ಚಾಲೂ ಮಾಡಿದಿರೋ ಅದು ಆ ಫೋನಿಗೇ ಕಟ್ಟುಬೀಳುತ್ತದೆ. ರವಿವಾರ ಊರಿಗೆ ಬಂದ ಮಗ ತನ್ನ ಫೋನಿನಿಂದ ಚಾಲೂ ಮಾಡಿ ಸೋಮವಾರ ಪುಣೆ ಬಸ್ ಹತ್ತಿದರೆ ಅಪ್ಪನ ತೋಳಿನ ಮೇಲೆ ಉಳಿಯುವುದು ಒಂದು ಬಿಳಿ ಬಿಲ್ಲೆ, ಅಷ್ಟೆ. ಯಾರ ಫೋನು ದಿನವಿಡೀ ರೋಗಿಯ ಕಿಸೆಯಲ್ಲೇ ಇರುತ್ತದೋ ಅದರಿಂದಲೇ ಚಾಲೂ ಮಾಡಿ.

ಡಬ್ಬಿಯ ಮೇಲಿನ ಅವಧಿಯ ತಾರೀಖು ಮತ್ತು ಇಡಬೇಕಾದ ಉಷ್ಣತೆ ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಅಂಥ ಹೊತ್ತಲ್ಲಿ ಸೆನ್ಸರನ್ನು ಗಾಡಿಯ ಡಿಕ್ಕಿಯಲ್ಲಿಟ್ಟು ಸಂತೆ ಮುಗಿಸಿ ಬಂದರೆ ಒಳಗಿನ ಕಿಣ್ವ ಕೆಡಬಹುದು. ಅಂಗಡಿಯಿಂದ ನೇರ ಮನೆಗೆ, ಮನೆಯಲ್ಲಿ ತಂಪಾದ ಕೋಣೆಗೆ.

ಯಾವ 14 ದಿನ ಎಂಬುದನ್ನೂ ನೋಡಿ ಆರಿಸಿ. ಮನೆಯಲ್ಲಿ ಮದುವೆ, ಜ್ವರ, ಮೊಣಕಾಲಿಗೆ ಸ್ಟೆರಾಯ್ಡ್ ಇಂಜೆಕ್ಷನ್, ಇವುಗಳ ನಡುವೆ ಹಾಕಿಸಿಕೊಂಡರೆ ನಿಮ್ಮ ನಿತ್ಯದ ಸಕ್ಕರೆ ತಿಳಿಯುವುದಿಲ್ಲ. ಎಂಆರ್‌ಐ, ಸಿಟಿ ಸ್ಕ್ಯಾನ್ ಇದ್ದರೆ ಅದು ಮುಗಿದ ಮೇಲೆಯೇ ಹಾಕಿಸಿ.

ಹಾಕಿಕೊಳ್ಳುವುದು

ಜಾಗ: ಮೇಲ್ತೋಳಿನ ಹಿಂಬದಿ, ಭುಜ ಮತ್ತು ಮೊಣಕೈಗಳ ನಡುವೆ, ಚಿವುಟಿದರೆ ಕೊಬ್ಬು ಸಿಗುವಲ್ಲಿ. ನೀವು ಮಲಗುವ ಮಗ್ಗುಲಿನ ತೋಳು ಬೇಡ. ಇನ್ಸುಲಿನ್ ಚುಚ್ಚುವ ಜಾಗದಿಂದ ಕನಿಷ್ಠ ಒಂದು ಇಂಚು ದೂರ. ಕುಪ್ಪಸದ ತೋಳು ಬಿಗಿಯಾಗಿದ್ದರೆ ಅದರ ಅಂಚು ಸರಿಯಾಗಿ ಸೆನ್ಸರಿಗೇ ತಾಕಿ ಎರಡೇ ದಿನಕ್ಕೆ ಎಬ್ಬಿಸಿಬಿಡುತ್ತದೆ. ಕುಪ್ಪಸ ಹಾಕಿಕೊಂಡೇ ಜಾಗ ಗುರುತು ಮಾಡಿ, ಅಂಚಿನಿಂದ ಎರಡು ಬೆರಳು ಕೆಳಗಿರಲಿ.

ತೋಳನ್ನು ಸಾದಾ ಸಾಬೂನಿನಿಂದ ತೊಳೆದು ಒರೆಸಿ. ಅವತ್ತು ಎಣ್ಣೆ ಹಚ್ಚಿಕೊಂಡಿದ್ದರೆ ಎರಡು ಸಲ ತೊಳೆಯಿರಿ. ಅಂಟು ಬಿಡುವುದಕ್ಕೆ ಮೊದಲ ಕಾರಣವೇ ಕೊಬ್ಬರಿ ಎಣ್ಣೆ. ಕೂದಲು ದಟ್ಟವಾಗಿದ್ದರೆ ಬೋಳಿಸಿ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರುವವರೆಗೆ ಕಾಯಿರಿ. ಊದಿ ಆರಿಸಬೇಡಿ. ಡಬ್ಬಿಯಲ್ಲಿ ಎರಡು ಭಾಗ ಬಂದಿದ್ದರೆ ಎರಡರ ಮೇಲಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ, ಗುರುತಿಗೆ ಗುರುತು ಕೂಡಿಸಿ ಗಟ್ಟಿ ನೆಲದ ಮೇಲಿಟ್ಟು ಒತ್ತಿ. ಈಗ ಒಳಗೆ ಸೂಜಿ ತಯಾರಾಗಿರುತ್ತದೆ, ಬೆರಳು ಹಾಕಬೇಡಿ. ತೋಳಿನ ಮೇಲಿಟ್ಟು ಒಮ್ಮೆಗೇ ಒತ್ತಿ, ಕ್ಲಿಕ್ ಅಂದ ಮೇಲೆ ಕೆಲವು ಸೆಕೆಂಡು ಹಾಗೇ ಹಿಡಿದು ಮೆಲ್ಲನೆ ಎಳೆದುಕೊಳ್ಳಿ. ಸೂಜಿ ಹೊರಬರುತ್ತದೆ, ಕೂದಲೆಳೆಯಂಥ ಮೆತ್ತನೆಯ ತಂತು ಮಾತ್ರ ಚರ್ಮದಡಿ ಸುಮಾರು 5 ಮಿಲಿಮೀಟರ್ ಒಳಗೆ ಉಳಿಯುತ್ತದೆ. ಸೂಜಿ ಇರುವ ಆ ಖಾಲಿ ಭಾಗವನ್ನು ತಿಪ್ಪೆಗೆ ಎಸೆಯದೆ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಿಡಿ, ಆಮೇಲೆ ಆಸ್ಪತ್ರೆಗೆ ಒಪ್ಪಿಸಿ.

ಒಂದು ಹನಿ ರಕ್ತ ಕಂಡರೆ ಅಡ್ಡಿಯಿಲ್ಲ. ಹರಿಯುತ್ತಲೇ ಇದ್ದರೆ ತೆಗೆಯಬೇಕಾಗುತ್ತದೆ. ಮೇಲೆ ಪಟ್ಟಿ ಅಂಟಿಸುವುದಾದರೆ ಸೆನ್ಸರಿನ ನಡುವೆ ಕಾಣುವ ಸಣ್ಣ ತೂತು ಮುಚ್ಚಬೇಡಿ. ಸ್ನಾನ ಮಾಡಬಹುದು; ಬಾವಿಗೆ ಜಿಗಿದು ಈಜುವುದು ಬೇಡ. ಬಸ್ಸಿನ ಬಾಗಿಲು, ದನದ ಕೊಟ್ಟಿಗೆಯ ಚೌಕಟ್ಟು, ತೋಳಿನ ಮೇಲೆ ಎಳೆದು ತೆಗೆಯುವ ಬನಿಯನ್: ಸೆನ್ಸರ್ ಕಿತ್ತುಬರುವುದು ಹೆಚ್ಚಾಗಿ ಈ ಮೂರರಿಂದ.

ಚಾಲೂ ಮಾಡಿದ ಮೇಲೆ ಬಹಳಷ್ಟು ಸೆನ್ಸರ್‌ಗಳಿಗೆ ಅಂಕಿ ತೋರಿಸಲು 60 ನಿಮಿಷ ಬೇಕು. ಓದಿಸುವ ಬಗೆಯದಾದರೆ ಅದರ ನೆನಪು 8 ತಾಸಿನದು ಮಾತ್ರ. ರಾತ್ರಿ 9ಕ್ಕೆ ಓದಿಸಿ ಬೆಳಿಗ್ಗೆ 7ಕ್ಕೆ ಎದ್ದು ಓದಿಸಿದರೆ ಎರಡು ತಾಸಿನ ಗೆರೆ (ಸಕ್ಕರೆಯ ಏರಿಳಿತ ತೋರಿಸುವ ಗ್ರಾಫ್) ಅಳಿದುಹೋಗಿರುತ್ತದೆ. ಮಲಗುವಾಗ, ಎದ್ದ ಕೂಡಲೇ, ಮಧ್ಯಾಹ್ನದ ಊಟಕ್ಕೆ, ಸಂಜೆ ಚಹಾಕ್ಕೆ, ಹೀಗೆ ಹೊತ್ತು ಕಟ್ಟಿಕೊಳ್ಳಿ. ವರದಿ ನಂಬುವಂತಿರಬೇಕಾದರೆ 14 ದಿನದ ಕನಿಷ್ಠ ಶೇ. 70ರಷ್ಟು ಗೆರೆ ಸಿಕ್ಕಿರಬೇಕು.

ಅಂಕಿಯನ್ನು ಎಷ್ಟು ನಂಬಬೇಕು

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಾದ ಬದಲಾವಣೆ ಅಲ್ಲಿಗೆ ಮುಟ್ಟಲು 5ರಿಂದ 15 ನಿಮಿಷ ಹಿಡಿಯುತ್ತದೆ. ಊಟವಾಗಿ ಅರ್ಧ ತಾಸಿಗೆ ಬೆರಳು ಚುಚ್ಚಿ ನೋಡಿದರೆ 190, ಸೆನ್ಸರಿನಲ್ಲಿ 160 ಬಂದರೆ ಎರಡೂ ಸರಿ ಇರಬಹುದು. ತಾಳೆ ನೋಡಬೇಕೆಂದರೆ ಅಂಕಿಯ ಪಕ್ಕದ ಬಾಣದ ಗುರುತು ಅಡ್ಡಲಾಗಿ ನಿಂತಾಗ (ಸಕ್ಕರೆ ಏರದೆ ಇಳಿಯದೆ ಇರುವಾಗ), ಊಟಕ್ಕೆ ಮೊದಲು, ಕೈ ತೊಳೆದು ನೋಡಿ. ದ್ರಾಕ್ಷಿ ಬಿಡಿಸಿದ ಕೈಯಲ್ಲಿ ಚುಚ್ಚಿದರೆ ಮೀಟರೇ ಸುಳ್ಳು ಹೇಳುತ್ತದೆ. 100ರ ಮೇಲಿನ ಅಂಕಿಯಲ್ಲಿ ಶೇ. 20ರವರೆಗಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಒಂದು ದಿನ ಗೆರೆ ಹಾದಿ ಹಿಡಿಯದೆ ಇರಬಹುದು, ಅದರ ಮೇಲೆ ಯಾವ ನಿರ್ಧಾರವೂ ಬೇಡ.

ಕೆಲವು ಸೆನ್ಸರ್‌ಗಳಲ್ಲಿ ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಗುಳಿಗೆ, ಇನ್ನು ಕೆಲವದರಲ್ಲಿ ಹೆಚ್ಚಿನ ಪ್ರಮಾಣದ ಪ್ಯಾರಾಸಿಟಮಾಲ್ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ನಿಮ್ಮ ಸೆನ್ಸರಿನದು ಯಾವುದೆಂದು ಒಳಗಿನ ಚೀಟಿಯಲ್ಲಿರುತ್ತದೆ.

ರಾತ್ರಿಯ ಸುಳ್ಳು ಇಳಿತವನ್ನು ಗುರುತಿಸಲು ಕಲಿಯಲೇಬೇಕು. ಸೆನ್ಸರಿನ ಮೇಲೆ ಮೈಭಾರ ಬಿದ್ದರೆ ಅಲ್ಲಿಗೆ ದ್ರವ ಹರಿಯುವುದು ಕಡಿಮೆಯಾಗಿ ಅಂಕಿ ಒಮ್ಮೆಗೇ 60ಕ್ಕೆ, 50ಕ್ಕೆ ಬೀಳುತ್ತದೆ. ಮಗ್ಗುಲು ಬದಲಿಸಿದ ಮೇಲೆ ತಾನೇ ಮೇಲೇಳುತ್ತದೆ. ಗೆರೆಯಲ್ಲಿ ಇದು ಎರಡೂ ಕಡೆ ಕಡಿದಾದ ಗುಂಡಿಯಂತೆ ಕಾಣುತ್ತದೆ. ನಿಜವಾದ ಇಳಿತ ಒಂದೆರಡು ತಾಸು ಇಳಿಜಾರಾಗಿ ಸಾಗಿ ಬರುತ್ತದೆ. ಗಂಟೆ ಬಾರಿಸಿದಾಗ ಎದ್ದು ಕೂತು ಬೆರಳು ಚುಚ್ಚಿ ನೋಡಿ. ಬೆವರು, ನಡುಕ ಇದ್ದು ಮೀಟರ್ ಕೈಗೆ ಸಿಗದಿದ್ದರೆ ಕಾಯದೆ ಗ್ಲೂಕೋಸ್ ತೆಗೆದುಕೊಳ್ಳಿ.

14 ದಿನ ಹೇಗೆ ಹಂಚಬೇಕು

ಮೊದಲ ಐದಾರು ದಿನ ಏನನ್ನೂ ಬದಲಿಸಬೇಡಿ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಗೆರೆ ಕಂಡ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ಸಕ್ಕರೆ ಹಾಕಿದ ಚಹಾ ಕುಡಿಯುವವರು ಕುಡಿಯಿರಿ, ಸಂಜೆ ಗಿರಮಿಟ್ಟು ಮಿರ್ಚಿ ತಿನ್ನುವವರು ತಿನ್ನಿ. ವೈದ್ಯರಿಗೆ ಬೇಕಾದದ್ದು ನಿಮ್ಮ ನಿಜವಾದ ಬಾಳುವೆ.

ವಹಿಯಲ್ಲಿ ದಿನಕ್ಕೊಂದು ಪುಟ. ಹೊತ್ತು, ತಿಂದದ್ದು, ಎಷ್ಟು, ಗುಳಿಗೆ ಅಥವಾ ಇನ್ಸುಲಿನ್ ಎಷ್ಟು ಹೊತ್ತಿಗೆ, ನಡಿಗೆ ಅಥವಾ ಹೊಲದ ಕೆಲಸ, ನಿದ್ದೆ. "ಬರೇ ಚಾ ಕುಡದೀನ್ರಿ, ಏನೂ ತಿಂದಿಲ್ಲ" ಎನ್ನುವವರ ವಹಿಯಲ್ಲಿ ಆ ಬರೇ ಚಹಾ ದಿನಕ್ಕೆ ಐದು ಸಲ ಬರುತ್ತದೆ, ಸಲಕ್ಕೆರಡು ಚಮಚ ಸಕ್ಕರೆಯಂತೆ 40–50 ಗ್ರಾಂ. ರೊಟ್ಟಿಯ ಲೆಕ್ಕಕ್ಕೆ ಒಂದು ಉಪಾಯ: ಅರ್ಧ ಕಿಲೋ ಜೋಳದ ಹಿಟ್ಟು ತೂಗಿ ಎಷ್ಟು ರೊಟ್ಟಿಯಾದವು ಎಣಿಸಿ. 12 ಆದರೆ ಒಂದಕ್ಕೆ 42 ಗ್ರಾಂ ಹಿಟ್ಟು, ಅದರಲ್ಲಿ ಸುಮಾರು 28 ಗ್ರಾಂ ಪಿಷ್ಟ. ಜೋಳ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮೂರು ರೊಟ್ಟಿ ಮುಗಿಸಿ ಮೇಲೊಂದಿಷ್ಟು ಅನ್ನ ಉಂಡರೆ ಆ ಒಳ್ಳೆಯತನ ಅಲ್ಲಿಗೇ ಕರಗುತ್ತದೆ.

ಏಳನೇ ದಿನದಿಂದ ಹನ್ನೊಂದನೆಯ ದಿನದವರೆಗೆ ಪ್ರಯೋಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಎರಡೆರಡು ದಿನ. ಒಂದೇ ದಿನದ ಫಲಿತಾಂಶ ನಂಬಬೇಡಿ. ರಾತ್ರಿ ನಿದ್ದೆಗೆಟ್ಟರೂ ಮರುದಿನದ ಗೆರೆ ಬೇರೆಯಾಗುತ್ತದೆ. ಪ್ರತಿ ಊಟಕ್ಕೂ ಮೂರು ಅಂಕಿ ಬರೆಯಿರಿ: ಉಣ್ಣಲು ಕೂತಾಗಿನದು, ಏರಿದ ತುದಿ, ಮೂರು ತಾಸಿನ ನಂತರದ್ದು. ಇಲ್ಲಿಯ ಊಟಕ್ಕೆ ಹೊಂದುವ ಪ್ರಯೋಗಗಳಲ್ಲಿ ಹೆಚ್ಚು ಫಲ ಕಾಣುವುದು ಇವು. ಮುಂಜಾನೆ ಸುಸಲಾ ಅಥವಾ ಅವಲಕ್ಕಿಯ ಪ್ರಮಾಣ ಅರ್ಧ ಮಾಡಿ, ಉಳಿದರ್ಧಕ್ಕೆ ಮೊಳಕೆ ಬರಿಸಿದ ಮಡಕಿಕಾಳು. ಮಧ್ಯಾಹ್ನ ಸವತಿಕಾಯಿ, ಪಲ್ಯ, ಮೊಸರು, ಝುಣಕ ಮೊದಲು ತಿಂದು, ರೊಟ್ಟಿ ಆಮೇಲೆ, ಅನ್ನ ಕೊನೆಗೆ ಎರಡು ತುತ್ತು. ರಾತ್ರಿ ಹತ್ತರ ಊಟ ಎಂಟಕ್ಕೆ. ಊಟವಾಗಿ ಕಾಲು ತಾಸಿನೊಳಗೆ ಓಣಿಯಲ್ಲಿ 15–20 ನಿಮಿಷ ಅಡ್ಡಾಡುವುದು. ಕೊನೆಯದಕ್ಕೆ ಖರ್ಚೂ ಇಲ್ಲ, ಗೆರೆಯ ತುದಿ ತಗ್ಗುವುದು ಅವತ್ತೇ ಕಾಣುತ್ತದೆ.

ಎಣ್ಣೆ ತುಪ್ಪದ ತಿನಿಸು ಮೋಸ ಮಾಡುತ್ತದೆ. ತುಪ್ಪ ಸುರಿದ ಶೇಂಗಾ ಹೋಳಿಗೆ ಉಂಡ ಎರಡು ತಾಸಿಗೆ 150 ಕಂಡು "ಏನೂ ಆಗಲಿಲ್ಲ" ಎಂದುಕೊಂಡವರಿಗೆ ನಾಲ್ಕನೆಯ ತಾಸಿಗೆ 230 ಕಾಣಬಹುದು. ಕೊಬ್ಬು ಜಠರವನ್ನು ನಿಧಾನ ಮಾಡುವುದರಿಂದ ಏರಿಕೆ ತಡವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಶ್ರಾವಣ ಸೋಮವಾರ, ಏಕಾದಶಿಯ ಸಾಬುದಾನಿ ಖಿಚಡಿಯೂ ಹೀಗೇ; ಸಾಬುದಾನಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ರಂಜಾನ್ ರೋಜಾ ಹಿಡಿಯುವವರು ತಿಂಗಳ ಮೊದಲೇ ವೈದ್ಯರೊಡನೆ ಗುಳಿಗೆಯ ಹೊತ್ತು ಮಾತಾಡಿಕೊಳ್ಳಬೇಕು. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ರೋಜಾ ಬಿಡಬೇಕೆಂಬುದು ವೈದ್ಯಕೀಯ ನಿಯಮ.

ಹನ್ನೆರಡರಿಂದ ಹದಿನಾಲ್ಕನೆಯ ದಿನದವರೆಗೆ ಫಲಿಸಿದ್ದನ್ನೆಲ್ಲ ಒಟ್ಟಿಗೆ ಮಾಡಿ ನೋಡಿ. ಅವಧಿ ಮುಗಿಯುವ ಮುಂಚೆ ಕೊನೆಯ ಸಲ ಓದಿಸುವುದು ಮರೆಯಬೇಡಿ.

ಬೆಳಗಿನ ಏರಿದ ಸಕ್ಕರೆ: ಒಂದೇ ಅಂಕಿ, ಮೂರು ಕಾರಣ

ಸೆನ್ಸರಿನ ದುಡ್ಡು ಹೆಚ್ಚಾಗಿ ವಸೂಲಾಗುವುದು ಇಲ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 180 ಬಂದರೆ ಬೆರಳಿನ ರಕ್ತ ಅಷ್ಟನ್ನೇ ಹೇಳುತ್ತದೆ. ಗೆರೆ ಕಾರಣವನ್ನೂ ಹೇಳುತ್ತದೆ. ಮಲಗುವಾಗಲೇ 200 ಇದ್ದು ರಾತ್ರಿಯೆಲ್ಲ ಅಲ್ಲೇ ತೇಲಿದ್ದರೆ ತಪ್ಪು ರಾತ್ರಿಯ ಊಟದ್ದು, ಅದರ ಹೊತ್ತಿನದು. ರಾತ್ರಿ 120ರಲ್ಲಿ ಸಪಾಟಾಗಿ ಸಾಗಿ ನಸುಕಿನ ನಾಲ್ಕರ ನಂತರ ಏರಿದ್ದರೆ ಅದು ದೇಹವೇ ಏಳುವ ಹೊತ್ತಿಗೆ ಬಿಡುವ ಹಾರ್ಮೋನುಗಳ ಕೆಲಸ. ಊಟ ಬಿಟ್ಟರೆ ಪ್ರಯೋಜನ ಕಡಿಮೆ, ಔಷಧಿಯ ಹೊಂದಾಣಿಕೆ ಬೇಕು. ಎರಡು ಮೂರು ಗಂಟೆಗೆ 70ರ ಕೆಳಗೆ ಇಳಿದಿದ್ದರೆ ರಾತ್ರಿಯ ಇನ್ಸುಲಿನ್ ಹೆಚ್ಚಾಗಿರಬಹುದು. ಬೆಳಗಿನ ಅಂಕಿ ಒಂದನ್ನೇ ನೋಡಿ ಇಂಥವರಿಗೆ ಇನ್ಸುಲಿನ್ ಏರಿಸಿದರೆ ಅಪಾಯ.

30/70 ಹ್ಯೂಮನ್ ಮಿಶ್ರ ಇನ್ಸುಲಿನ್ (ಶೇ. 30 ಬೇಗ, ಶೇ. 70 ನಿಧಾನವಾಗಿ ಕೆಲಸ ಮಾಡುವಂಥದ್ದು) ಎರಡು ಹೊತ್ತು ತೆಗೆದುಕೊಳ್ಳುವವರ ಗೆರೆಯಲ್ಲಿ ಮಧ್ಯಾಹ್ನದ ಊಟದ ಮುಂಚೆ ಮತ್ತು ನಡುರಾತ್ರಿಯ ನಂತರ, ಈ ಎರಡು ಕಡೆ ವಿಶೇಷವಾಗಿ ನೋಡಿ. ಒಂದಕ್ಕೆ ಉಣ್ಣುವವರು ಕಬ್ಬಿನ ಹಂಗಾಮಿನಲ್ಲಿ ಮೂರಕ್ಕೆ ಉಂಡರೆ ಬೆಳಗಿನ ಇನ್ಸುಲಿನ್ ಖಾಲಿ ಹೊಟ್ಟೆಯ ಮೇಲೆ ಕೆಲಸ ಮಾಡುತ್ತದೆ. ಊಟವಾದ ಮೇಲೆ ಚುಚ್ಚಿಕೊಳ್ಳುವ ರೂಢಿಯವರಿಗೆ ಮೊದಲು ದೊಡ್ಡ ಏರಿಕೆ, ಆಮೇಲೆ ಇಳಿತ ಕಾಣುತ್ತದೆ. ಈ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕು. ಊಟ, ಹೊತ್ತು ಎಲ್ಲ ಒಂದೇ ಇದ್ದರೂ ದಿನಕ್ಕೊಂದು ತರಹ ಗೆರೆ ಬರುತ್ತಿದ್ದರೆ ಹೊಟ್ಟೆಯ ಮೇಲೆ ಚುಚ್ಚುವ ಜಾಗ ಸವರಿ ನೋಡಿ. ಒಂದೇ ಕಡೆ ಚುಚ್ಚಿ ಗಂಟುಕಟ್ಟಿದ್ದರೆ ಇನ್ಸುಲಿನ್ ಒಂದು ದಿನ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಇಲ್ಲ. ಜಾಗ ಬದಲಿಸುವಾಗ ಪ್ರಮಾಣ ಇಳಿಸಬೇಕಾಗಬಹುದು, ವೈದ್ಯರಿಗೆ ಹೇಳಿಯೇ ಬದಲಿಸಿ.

ಊಟದ ಇನ್ಸುಲಿನ್ ತೆಗೆದುಕೊಂಡು ಒಂದು ತಾಸಿಗೆ 240 ಕಂಡಿತೆಂದು ಮತ್ತೊಂದು ಚುಚ್ಚುವುದು ಸೆನ್ಸರ್ ಬಂದ ಮೇಲೆ ಹೆಚ್ಚಾದ ತಪ್ಪು. ಬೇಗ ಕೆಲಸ ಮಾಡುವ ಇನ್ಸುಲಿನ್ ಕೂಡ ಮೈಯಲ್ಲಿ ಮೂರರಿಂದ ಐದು ತಾಸು ಇರುತ್ತದೆ. ಎರಡು ಡೋಸು ಒಂದರ ಮೇಲೊಂದು ಕೂತು ನಾಲ್ಕನೆಯ ತಾಸಿಗೆ ಕೆಡವುತ್ತವೆ.

ಶುಗರ್ ಇಳಿದಾಗ

70ರ ಕೆಳಗೆ ಹೋದರೆ ಮೂರು ಚಹಾ ಚಮಚ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಯಿರಿ. ಅದಿಲ್ಲದಿದ್ದರೆ ಅಷ್ಟೇ ಸಕ್ಕರೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಅವರಿಗೆ ಗ್ಲೂಕೋಸೇ ಬೇಕು. ಬೆಳಗಾವಿ ಕುಂದಾ, ಅಮೀನಗಡದ ಕರದಂಟು ಈ ಹೊತ್ತಿಗಲ್ಲ. ಅದರ ಕೊಬ್ಬು ಸಕ್ಕರೆಯನ್ನು ತಡೆಹಿಡಿಯುತ್ತದೆ. 15 ನಿಮಿಷಕ್ಕೆ ಬೆರಳು ಚುಚ್ಚಿ ನೋಡಿ. ಸೆನ್ಸರಿನ ಅಂಕಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುವುದರಿಂದ ಅದರಲ್ಲಿ ಇನ್ನೂ 62 ಅಂತಲೇ ಇರಬಹುದು. ಅದನ್ನು ನೋಡಿ ಮತ್ತೆ ಮತ್ತೆ ತಿಂದರೆ ಒಂದು ತಾಸಿಗೆ 280. ಬೆರಳಿನಲ್ಲೂ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಅರ್ಧ ರೊಟ್ಟಿ ತಿನ್ನಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ವೈದ್ಯರ ಮುಂದೆ

ಫೋನಿನ ಆ್ಯಪ್‌ನಲ್ಲಿ 14 ದಿನದ ವರದಿ ಪಿಡಿಎಫ್ ಆಗಿ ಸಿಗುತ್ತದೆ. ಮೊದಲ ಪುಟವನ್ನು ಮುದ್ರಿಸಿಕೊಂಡು ಹೋಗಿ. ಗದ್ದಲದ ಓಪಿಡಿಯಲ್ಲಿ ಯಾರೂ ನಿಮ್ಮ ಫೋನ್ ಉಜ್ಜುತ್ತ ಕೂರುವುದಿಲ್ಲ. ಓದುವ ಕ್ರಮ ಹೀಗೆ: ಮೊದಲು 70ರ ಕೆಳಗಿನ ಹೊತ್ತು. ಅದು ಶೇ. 4ಕ್ಕಿಂತ ಕಡಿಮೆ, 54ರ ಕೆಳಗಿನದು ಶೇ. 1ಕ್ಕಿಂತ ಕಡಿಮೆ ಇರಬೇಕು. ಇದು ಸರಿಯಾಗದೆ ಏರಿಕೆಗೆ ಕೈ ಹಾಕುವಂತಿಲ್ಲ. ಆಮೇಲೆ 70ರಿಂದ 180ರೊಳಗಿನ ಹೊತ್ತು, ಶೇ. 70 ದಾಟಿದರೆ ಒಳ್ಳೆಯದು, ಅಂದರೆ ದಿನದ 24 ತಾಸಿನಲ್ಲಿ ಸುಮಾರು 17. ವಯಸ್ಸಾದವರಿಗೆ, ಹೃದಯ ಮೂತ್ರಪಿಂಡ ಸೋತವರಿಗೆ ಶೇ. 50 ಸಾಕು, ಆದರೆ 70ರ ಕೆಳಗೆ ಶೇ. 1 ದಾಟಬಾರದು. ಟೈಪ್ 1 ಇರುವ ಬಸುರಿಯರ ಮಿತಿ ಬಿಗಿ, 63ರಿಂದ 140. ಏರಿಳಿತದ ಲೆಕ್ಕ (ವರದಿಯಲ್ಲಿ ಸಿವಿ) ಶೇ. 36 ಮೀರಿದ್ದರೆ ಇಳಿತದ ಅಪಾಯ ಹೆಚ್ಚು. ಜಿಎಂಐ ಎಂಬುದು ಸೆನ್ಸರಿನ ಸರಾಸರಿಯಿಂದ ತೆಗೆದ ಎಚ್‌ಬಿಎ1ಸಿಯ ಅಂದಾಜು. ಸರಾಸರಿ 154 ಇದ್ದರೆ ಜಿಎಂಐ 7 ಬರುತ್ತದೆ. ಲ್ಯಾಬಿನ ಎಚ್‌ಬಿಎ1ಸಿ ಇದಕ್ಕಿಂತ ಬಹಳ ದೂರವಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.

ವರದಿಯಲ್ಲಿ 14 ದಿನವನ್ನೂ ಒಂದೇ ದಿನದಂತೆ ಕೂಡಿಸಿದ ಚಿತ್ರದಲ್ಲಿ ನಡುವಿನ ಗೆರೆಯ ಅಕ್ಕಪಕ್ಕದ ನೆರಳು ಎಲ್ಲಿ ಅಗಲವಾಗಿದೆ ನೋಡಿ, ಆ ಹೊತ್ತಿಗೆ ನಿಮ್ಮ ಬಾಳುವೆ ದಿನಕ್ಕೊಂದು ತರಹ ಇದೆ ಎಂದರ್ಥ. ಅದಕ್ಕೆ ಗುಳಿಗೆಗಿಂತ ಮೊದಲು ಊಟದ ಹೊತ್ತು ಕಟ್ಟಬೇಕು. ನೆರಳು ಸಪೂರವಾಗಿದ್ದು ಗೆರೆಯೇ ಮೇಲಿದ್ದರೆ ಔಷಧಿ ಬದಲಿಸುವ ಮಾತು. ಡೋಸನ್ನು ನೀವೇ ಬದಲಿಸಿಕೊಳ್ಳಬೇಡಿ.

ಸೆನ್ಸರ್ ತೆಗೆಯುವಾಗ ಅಂಚಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟರೆ ಚರ್ಮ ಕಿತ್ತುಬರುವುದಿಲ್ಲ. ಕೆಂಪಾಗಿ ತುರಿಸಿದರೆ ಮುಂದಿನ ಸಲ ಇನ್ನೊಂದು ತೋಳು. ಆಮೇಲಿನ ತಿಂಗಳುಗಳಲ್ಲಿ ಬೆರಳು ಚುಚ್ಚುವುದನ್ನು ಗೆರೆ ತೋರಿಸಿದ ಕೆಟ್ಟ ಹೊತ್ತಿಗೆ ಮಾತ್ರ ಮೀಸಲಿಡಿ. ರಾತ್ರಿ ಊಟದ ಎರಡು ತಾಸಿನ ನಂತರ ತೊಂದರೆ ಇದ್ದವರು ವಾರಕ್ಕೆರಡು ಸಲ ಅದೇ ಹೊತ್ತಿಗೆ ನೋಡಿದರೆ ಸಾಕು, ದಿನಾ ಬೆಳಿಗ್ಗೆ ಸ್ಟ್ರಿಪ್ ಕಳೆಯಬೇಕಿಲ್ಲ. ಎರಡನೆಯ ಸೆನ್ಸರ್ ಔಷಧಿ ಬದಲಾಗಿ ಎರಡು ಮೂರು ತಿಂಗಳಾದ ಮೇಲೆ ಹಾಕಿಸಿ. ಹಳೆಯ ವಹಿ ತೆಗೆದಿಟ್ಟಿದ್ದರೆ ಅದೇ ಮೂರು ರೊಟ್ಟಿಯ ಊಟ, ಅದೇ ಹೊತ್ತು, ಹೊಸ ಗೆರೆಯ ಪಕ್ಕ ಇಟ್ಟು ನೋಡಬಹುದು.